ಪೆಡಲಮ್ಮ

ಗಾಡಿ ರಿಪೇರಿ ಶೆಡ್ಡಿನಿಂದ ಮೇಸ್ತ್ರಿ ಮಧ್ಯಾಹ್ನ ಊಟಕ್ಕೆಂದು ಮನೆಯೊಳಗೆ ಬರುವಾಗ, ಬಾಗಿಲ ಬಳಿ ಬಿಡಲು ಅವನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಅದನ್ನು ಮೊದಲು ಕಂಡವಳು ಮೊಮ್ಮಗಳು. ನಿಂತ ಜಾಗದಲ್ಲಿ ನಿಲ್ಲದ ಅವಳಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು.

"ತಾತ, ಇನ್ನೊಂದು ಚಪ್ಪಲಿ ಎಲ್ಲಿ?"

ಮೇಸ್ತ್ರಿ ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡ. ಆಮೇಲೆ, "ನಿಮ್ಮಜ್ಜಿ ಪಲ್ಯಕ್ಕೆ ಹೆಚ್ಚಿ ಹಾಕಿರಬೇಕು, ತಟ್ಟೆಗೆ ಬಂದಾಗ ಗೊತ್ತಾಗತ್ತೆ" ಎಂದ.

ಬುಗುರಿ ಬಿದ್ದು ಬಿದ್ದು ನಕ್ಕಳು. ನಲ್ಲಿಯ ಕೆಳಗೆ ಕೈಯ ಗ್ರೀಸನ್ನು ಉಜ್ಜಿ ತೊಳೆಯುತ್ತಿದ್ದ ಮಗಳೂ ನಕ್ಕಳು. ಮೇಸ್ತ್ರಿಯ ಹೆಂಡತಿ ಮಾತ್ರ ಸೌಟನ್ನು ಪಾತ್ರೆಯ ಮೇಲಿಟ್ಟು ಹೊರಗೆ ಹೋಗಿ ನೋಡಿದಳು. ಚಪ್ಪಲಿ ಯಾವ ಗಾಡಿಯ ಅಡಿಗೂ ಸಿಕ್ಕಿಕೊಂಡಿರಲಿಲ್ಲ. ಅಂಗಳದ ನಟ್ಟನಡುವೆ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬಿದ್ದಿತ್ತು. ಅಲ್ಲಿಂದ ಬಾಗಿಲವರೆಗೂ ಅವನು ಒಂದು ಬರಿಗಾಲಲ್ಲಿ ನಡೆದು ಬಂದಿದ್ದ. ಅವಳು ತನ್ನ ಅಂಗಾಲನ್ನು ಆ ನೆಲಕ್ಕಿಟ್ಟು ನೋಡಿ ಥಟ್ಟನೆ ಎತ್ತಿಕೊಂಡಳು. ಚಪ್ಪಲಿಯ ಧೂಳು ಒರೆಸಿ ತಂದು ಜೊತೆಗಿಟ್ಟಳು. ಅವಳಿಗೆ ನಗು ಬರಲಿಲ್ಲ.

ಬೀದಿಯವರೆಲ್ಲ ಅವಳನ್ನು ಪೆಡಲಮ್ಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದ ಮುಂದೆಯೇ ಅನ್ನತೊಡಗಿದರು, ಅವಳೂ ಓಗೊಡತೊಡಗಿದಳು. ಬ್ರೇಕಿನ ಕೆಲಸಕ್ಕೆ ಎರಡು ಜನ ಬೇಕು. ಬ್ರೇಕ್ ಆಯಿಲಿನ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಹಾಕಬೇಕಾದರೆ ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಕೂತು ಅಲ್ಲಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಆಯಿಲ್ ಬಂದ ಕೂಡಲೇ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಹೊರಗೆ ಹೋದ ಗಾಳಿ ಮತ್ತೆ ಒಳಗೆ. ಮದುವೆಯಾದ ಹೊಸತರಲ್ಲಿ, ಸಹಾಯಕ್ಕಿದ್ದವನು ಕೈಕೊಟ್ಟ ದಿನ, ಮೇಸ್ತ್ರಿ ಅಡುಗೆಮನೆಯ ಕಿಟಕಿಗೆ ಬಂದು, "ಸ್ವಲ್ಪ ಕಾಲು ಕೊಡ್ತೀಯಾ?" ಎಂದು ಕೇಳಿದ್ದ. ಅವತ್ತು ಕೊಟ್ಟ ಕಾಲನ್ನು ಅವಳು ವಾಪಸ್ಸು ತೆಗೆದುಕೊಂಡಿದ್ದೇ ಇಲ್ಲ. ಒಲೆಯ ಮೇಲೆ ಏನೇ ಇರಲಿ, ಉರಿ ಸಣ್ಣ ಮಾಡಿ ಹೋಗಿ ಕೂರುತ್ತಿದ್ದಳು. ಒತ್ತು, ಹಿಡ್ಕೋ, ಬಿಡು. ಗಂಡಹೆಂಡಿರಿಗೆ ಮಾತು ಬಿಟ್ಟ ದಿನಗಳಲ್ಲೂ ಈ ಮೂರು ಮಾತಿಗೆ ರಜೆ ಇರಲಿಲ್ಲ. ಎಲ್ಲ ಮುಗಿದ ಮೇಲೆ ಅವನು "ಏನಂತೆ?" ಎನ್ನುತ್ತಿದ್ದ. ಪೆಡಲ್ ಗಟ್ಟಿಯಾಗಿ ನಿಂತರೆ ಅವಳು "ಕಲ್ಲು" ಎನ್ನುತ್ತಿದ್ದಳು, ಮೆತ್ತಗೆ ಇಳಿದರೆ "ಹಿಟ್ಟು" ಎನ್ನುತ್ತಿದ್ದಳು.

ಶೆಡ್ಡಿಗೆ ಇನ್ನೊಂದು ಪದ್ಧತಿಯಿತ್ತು. ಬ್ರೇಕಿನ ಕೆಲಸವಾದ ಗಾಡಿಯನ್ನು ಮೊದಲು ಮೇಸ್ತ್ರಿಯೇ ಓಡಿಸಬೇಕು, ಪಕ್ಕದ ಸೀಟಿನಲ್ಲಿ ಅವನ ಮನೆಯವರೊಬ್ಬರು ಕೂರಬೇಕು. ಗಿರಾಕಿ ಅದನ್ನು ಗೇಟಿನಲ್ಲಿ ನಿಂತು ನೋಡಬೇಕು. "ನನ್ನ ಮನೆಯವರನ್ನ ಕೂರಿಸದ ಗಾಡೀಲಿ ನಿಮ್ಮ ಮನೆಯವರನ್ನ ಕೂರಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎನ್ನುತ್ತಿದ್ದ. ಬೇರೆ ಶೆಡ್ಡುಗಳಿಗೆ ದೊಡ್ಡ ದೊಡ್ಡ ಬೋರ್ಡುಗಳಿದ್ದವು. ಇವನಿಗೆ ಈ ಮಾತಿತ್ತು, ಪಕ್ಕದಲ್ಲಿ ಕೂರಲು ಪೆಡಲಮ್ಮ ಇದ್ದಳು.

ಚಪ್ಪಲಿಯ ತಮಾಷೆ ಹಳತಾಗುವ ಮೊದಲೇ ಹಾಲಿನ ವ್ಯಾನಿನವನು ಬಂದು ಅಂಗಳದಲ್ಲಿ ನಿಂತ. ಹಿಂದಿನ ವಾರ ಪೆಡಲಮ್ಮ ತನ್ನ ತಂಗಿಯ ಬಾಣಂತಿ ಮಗಳನ್ನು ನೋಡಲು ಹೋಗಿದ್ದಾಗ ಅವನ ವ್ಯಾನಿಗೆ ಬ್ರೇಕ್ ಕೆಲಸ ಆಗಿತ್ತು. ಅವತ್ತು ಪೆಡಲ್ ಒತ್ತಿದ್ದು ವ್ಯಾನಿನವನೇ. ಕೊನೆಗೆ ಒತ್ತಿ ನೋಡಿ, ಗಟ್ಟಿಯಿದೆಯೆಂದು, ಪಕ್ಕದಲ್ಲಿ ಕೂರಲು ಪೆಡಲಮ್ಮ ಇಲ್ಲದ್ದರಿಂದ ಓಡಿಸದೆಯೇ ಕಳಿಸಿದ್ದು ಮೇಸ್ತ್ರಿ. ಈಗ ವ್ಯಾನಿನ ಮುಂಭಾಗ ಒಳಗೆ ಹೋಗಿತ್ತು.

"ಯಾರಿಗೂ ಏನೂ ಆಗ್ಲಿಲ್ಲ ಮೇಸ್ತ್ರಿ. ಗೋಡೆಗೆ ಹೊಡೀತು. ಗೋಡೆ ಬದಲು ಜನ ಇದ್ದಿದ್ರೆ ಏನ್ಮಾಡ್ಬೇಕಿತ್ತು?" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಮಗಳು ಮಾತಾಡದೆ ವ್ಯಾನನ್ನು ಒಳಗೆ ಹಾಕಿಕೊಂಡಳು. ಗಂಡನ ಮನೆ ಸಾಕೆಂದು ಬುಗುರಿಯನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಬಂದಿದ್ದ ಅವಳು ಅಳುತ್ತ ಕೂರುವ ಬದಲು ಸ್ಪ್ಯಾನರ್ ಹಿಡಿದಿದ್ದಳು. ಹಿಡಿಯಲು ಕಲಿಸಿದ್ದು ಅಪ್ಪನೇ. ಇಂಜಿನ್, ಗೇರ್‌ಬಾಕ್ಸ್ ಎಲ್ಲ ಅವಳ ಕೈಗೆ ಬಿಟ್ಟಿದ್ದ. ಬ್ರೇಕನ್ನು ಮಾತ್ರ ಬಿಟ್ಟಿರಲಿಲ್ಲ.

ಅವತ್ತು ರಾತ್ರಿ ಊಟದಲ್ಲಿ ಅವಳು ಕೇಳಿದಳು. "ಅಪ್ಪ, ವ್ಯಾನಿನ ಪೆಡಲ್ ಒತ್ತಿ ನೋಡಿದ್ಯಾ?"

"ನೋಡದೆ ಕೊಡ್ತೀನಾ?"

"ಗಟ್ಟಿ ಇತ್ತಾ?"

"ಇತ್ತು."

"ನಾನು ಒತ್ತಿದ್ರೆ ಅರ್ಧಕ್ಕೂ ಕೆಳಗೆ ಹೋಯ್ತು. ಏರ್ ತೆಗೆದ್ರೆ ಬರೀ ಗುಳ್ಳೆ."

"ಅವನು ಎಲ್ಲೋ ಪೈಪ್ ತಗುಲಿಸ್ಕೊಂಡಿರ್ತಾನೆ."

"ಪೈಪ್ ನೆಟ್ಟಗಿದೆ. ಇನ್ಮೇಲೆ ಬ್ರೇಕ್ ನನಗೆ ಬಿಡಪ್ಪ. ಮಿಕ್ಕಿದ್ದು ನೀನು ನೋಡ್ಕೋ."

ಮೇಸ್ತ್ರಿಯ ಕೈ ಅನ್ನದಲ್ಲೇ ನಿಂತಿತು. "ನಿನಗೆ ನಟ್ಟು ಯಾವ್ದು ಬೋಲ್ಟ್ ಯಾವ್ದು ಅಂತ ತೋರಿಸಿದ್ದು ಯಾರು?"

"ನೀನೇ. ಅದಕ್ಕೇ ನಿನಗೇ ಹೇಳ್ತಿದೀನಿ, ಬೀದೀಲಿ ಹೇಳ್ತಿಲ್ಲ."

"ಇವತ್ತು ಬ್ರೇಕ್ ಬಿಡು ಅಂತೀಯ. ನಾಳೆ ಒಳಗೆ ಕೂತು ಬೇಳೆ ಆರಿಸು ಅಂತೀಯ."

"ಬೇಳೆ ಆರಿಸೋದು ಅಷ್ಟು ಕೀಳಾ? ಇಷ್ಟು ವರ್ಷದಿಂದ ಆರಿಸ್ತಾ ಇದೀನಿ, ನಿಮ್ಮ ಹಲ್ಲಿಗೆ ಒಂದು ಕಲ್ಲು ಸಿಕ್ಕಿದ್ದು ಇದೆಯಾ?" ಎಂದು ಪೆಡಲಮ್ಮ ಮಾತನ್ನು ತಿರುಗಿಸಲು ನೋಡಿದಳು. ಯಾರೂ ನಗಲಿಲ್ಲ. ಮೇಸ್ತ್ರಿ ಅರ್ಧ ಊಟಕ್ಕೇ ಎದ್ದು ಹೋದ.

ಮಾರನೇ ದಿನದಿಂದ ಅಪ್ಪಮಗಳಿಗೆ ಮಾತಿಲ್ಲ. ಇಬ್ಬರ ಮುಖವೂ ಊದಿಕೊಂಡು, ಇಡೀ ಮನೆಯ ಮಾತುಗಳೆಲ್ಲ ಪೆಡಲಮ್ಮನ ಮೂಲಕವೇ ಹಾದುಹೋಗಬೇಕಾಯಿತು. "ಅಪ್ಪನಿಗೆ ಹೇಳಮ್ಮ, ಕ್ಲಚ್ ಪ್ಲೇಟ್ ಬಂದಿದೆ." "ನಿನ್ನ ಮಗಳಿಗೆ ಹೇಳು, ಬಂದಿದ್ರೆ ಹಾಕೋಕೆ." ಇಬ್ಬರೂ ಒಂದೇ ಗಾಡಿಯ ಬಾನೆಟ್ಟಿಗೆ ತಲೆ ಹಾಕಿಕೊಂಡು, ಅಡುಗೆಮನೆಯ ಕಿಟಕಿಯ ಕಡೆಗೆ ತಿರುಗಿ ಹೀಗೆ ಕೂಗುತ್ತಿದ್ದರು. ಅವಳು ಒಗ್ಗರಣೆ ಬಿಟ್ಟು ಬಂದು, ಪಕ್ಕಪಕ್ಕದಲ್ಲಿ ನಿಂತವರಿಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿ ಒಳಗೆ ಹೋಗುತ್ತಿದ್ದಳು. ಒಂದೆರಡು ಸಲ ಒಗ್ಗರಣೆ ಸೀದೂ ಹೋಯಿತು. ಸೀದದ್ದನ್ನೇ ಬಡಿಸಿದಳು, ಇಬ್ಬರೂ ತುಟಿಪಿಟಕ್ಕೆನ್ನದೆ ತಿಂದರು.

ಹಳದಿ ಕಾರು ಬಂದದ್ದು ಈ ನಡುವೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ರೇಸಿನ ಕಾರು. ಅದರಿಂದ ಇಳಿಯುವವರು ಇಳಿಯುತ್ತಿರಲಿಲ್ಲ, ಎದ್ದು ಬರುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ಅದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ಹೊಸ ಮದುಮಗಳ ಹಾಗೆ ನೋಡಿಕೊಂಡಿದ್ದರು. ಬೀದಿಯ ಮಕ್ಕಳೆಲ್ಲ ಗೇಟಿಗೆ ಜೋತುಬಿದ್ದರು.

"ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಿರ್ತೀನಿ. ಪೆಡಲ್ ತಾನಾಗೇ ಮೆಲ್ಲಗೆ ಕೆಳಗೆ ಇಳಿಯುತ್ತೆ, ಕಾರು ಮುಂದಕ್ಕೆ ಜರುಗುತ್ತೆ. ಎಲ್ಲೂ ಆಯಿಲ್ ಸೋರಿಲ್ಲ" ಎಂದರು ಡಾಕ್ಟರು.

ಮೇಸ್ತ್ರಿಯ ಮುಖ ಬಹಳ ದಿನದ ಮೇಲೆ ಅರಳಿತು. "ಹೊರಗೆ ಸೋರಲ್ಲ ಸಾರ್, ಒಳಗೇ ಸೋರ್ತಿದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗಿದೆ. ಒಳಗಿನ ರಬ್ಬರ್ ಸವೆದ್ರೆ ಆಯಿಲ್ ಮುಂದಕ್ಕೆ ಹೋಗೋ ಬದಲು ಹಿಂದಕ್ಕೆ ಜಾರುತ್ತೆ. ರಿಪೇರಿ ಬೇಡ, ಹೊಸದೇ ಹಾಕೋಣ."

ಆ ಸಿಲಿಂಡರ್ ಪೇಟೆಯಲ್ಲಿ ಸಿಗುವಂಥದ್ದಲ್ಲ, ದೂರದಿಂದ ತರಿಸಬೇಕು. ಅಲ್ಲಿಯವರೆಗೆ ಕಾರು ಶೆಡ್ಡಿನ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿತು. ಬುಗುರಿ ಶಾಲೆಯಿಂದ ಬಂದವಳೇ ಬೆಡ್‌ಶೀಟ್ ಎತ್ತಿ ಇಣುಕುತ್ತಿದ್ದಳು. "ತಾತ, ಇದರಲ್ಲಿ ಮೊದಲು ನಾನು." ಮೇಸ್ತ್ರಿ, "ನೀನಲ್ಲದೆ ಇನ್ಯಾರು ಮಹಾರಾಣಿ" ಎಂದು ಹೇಳಿಬಿಟ್ಟ. ಪೆಡಲಮ್ಮ ಅದನ್ನು ಮಗುವನ್ನು ಸಾಗಹಾಕುವ ಮಾತೆಂದುಕೊಂಡಳು.

ಒಂದು ಬೆಳಿಗ್ಗೆ ಅವಳು ಹಾಸಿಗೆಯ ಹೊದಿಕೆ ಒಗೆಯಲು ಎತ್ತಿದಾಗ ಕಾಲ ಕಡೆಗೆ ಕಂದು ಕಲೆಯಿತ್ತು, ವಾಸನೆಯಿತ್ತು. ಚಹಾ ಕುಡಿಯುತ್ತ ಕೂತಿದ್ದ ಗಂಡನ ಮುಂದೆ ನೆಲಕ್ಕೆ ಕೂತು, ಅವನು ಬೇಡ ಬೇಡವೆಂದರೂ ಬಲಗಾಲನ್ನು ಎಳೆದು ನೋಡಿದಳು. ಹಿಮ್ಮಡಿಯ ಪಕ್ಕದಲ್ಲಿ ಅಂಗೈಯಗಲ ಚರ್ಮ ಸುಟ್ಟು ಕಿತ್ತುಬಂದಿತ್ತು, ನಡುವೆ ಕೀವು.

"ಇದು ಯಾವಾಗ ಆಯ್ತು?"

ಅವನು ಕಾಲನ್ನು ತಿರುಗಿಸಿ ಅವಳಷ್ಟೇ ಆಶ್ಚರ್ಯದಿಂದ ನೋಡಿದ. "ಸೈಲೆನ್ಸರ್ ತಗುಲಿರಬೇಕು."

"ತಗುಲಿದ್ದು ಗೊತ್ತಾಗ್ಲಿಲ್ವಾ?"

ಅವಳು ಬೆರಳಿನಿಂದ ಅವನ ಅಂಗಾಲನ್ನು ಚಿವುಟಿದಳು. ಇನ್ನೂ ಜೋರಾಗಿ, ಉಗುರು ಊರಿ ಚಿವುಟಿದಳು. ಅವನು ಲೋಟವನ್ನು ತುಟಿಗೆ ಕೊಂಡುಹೋಗಿ ಒಂದು ಗುಟುಕು ಕುಡಿದ. ಮೊದಲೆಲ್ಲ ಅವಳು "ಕಲ್ಲು" ಎಂದ ಮೇಲೂ ಅವನು ಒಮ್ಮೆ ತಾನೇ ಹತ್ತಿ ಕೂತು ಪೆಡಲ್ ಒತ್ತಿ ನೋಡುತ್ತಿದ್ದ. ಹೋದ ವರ್ಷದಿಂದ ನೋಡುತ್ತಿರಲಿಲ್ಲ. ತನ್ನ ಮಾತಿನ ಮೇಲೆ ನಂಬಿಕೆ ಬಂತೆಂದು ಅವಳು ಒಳಗೊಳಗೇ ಹಿಗ್ಗಿದ್ದಳು.

"ಎಷ್ಟು ದಿನದಿಂದ?"

"ಹೋದ ವರ್ಷ ಶುರುವಾಯ್ತು. ಮೊದಲು ಹತ್ತಿ ಸುತ್ತಿದ ಹಾಗೆ ಅನ್ನಿಸ್ತಿತ್ತು. ಈಗ ಅದೂ ಇಲ್ಲ. ಸಕ್ಕರೆ ಕಾಯಿಲೇದು ಇರ್ಬೇಕು."

"ವ್ಯಾನು..."

"ಕಾಲಿಗೆ ಗೊತ್ತಾಗ್ಲಿಲ್ಲ. ನೀನಿರ್ಲಿಲ್ಲ." ಅವನು ಲೋಟವನ್ನು ಕೆಳಗಿಟ್ಟ. "ಮಗಳಿಗೆ ಹೇಳ್ಬೇಡ. ಈ ಹಳದಿ ಗಾಡಿ ಒಂದು ಮುಗಿಸ್ತೀನಿ. ಇಂಥದ್ದು ನನ್ನ ಶೆಡ್ಡಿಗೆ ಇನ್ನೊಂದು ಸಲ ಬರಲ್ಲ. ಆಮೇಲೆ ನಾನೇ ಹೇಳ್ತೀನಿ, ಆಸ್ಪತ್ರೆಗೂ ಬರ್ತೀನಿ."

"ಓಡಿಸೋದು?"

"ಕಣ್ಣಿದೆ, ಕಿವಿಯಿದೆ. ಪಕ್ಕದಲ್ಲಿ ನೀನಿರ್ತೀಯ."

ಅವಳು ಆಯ್ತು ಎಂದಳು. ಅನ್ನಬಾರದಿತ್ತು. ಆದರೆ ಆ ಮುಖ ನೋಡಿ ಬೇರೆ ಮಾತು ಹೊರಡಲಿಲ್ಲ. ಶೆಡ್ಡಿನ ಸುತ್ತ ಒಂದು ಸುತ್ತು ಓಡಿಸುವಾಗ ತಾನು ಪಕ್ಕದಲ್ಲಿ ಕೂತು ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟಿದ್ದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಹಳೇ ಬಟ್ಟೆ ಹರಿದು ಗಾಯಕ್ಕೆ ಕಟ್ಟಿದಳು. ಮಗಳಿಗೆ ಸೈಲೆನ್ಸರ್ ತಗುಲಿತು ಎಂದಷ್ಟೇ ಹೇಳಿದಳು.

ಸಿಲಿಂಡರ್ ಬಂದ ದಿನ ಮೇಸ್ತ್ರಿ ಹಬೆಯಾಡುವ ತಿಂಡಿಯನ್ನು ಹಾಗೇ ಬಿಟ್ಟು ಹೊರಗೆ ಹೋದ. ಹೊಸದನ್ನು ಡಬ್ಬಿಯಿಂದ ತೆಗೆದು ಹಾಗೇ ಸಿಕ್ಕಿಸಿದರೆ ಅದರ ಹೊಟ್ಟೆಯೊಳಗಿನ ಗಾಳಿ ಬೇಗ ಹೊರಗೆ ಬರುವುದಿಲ್ಲ. ಅದಕ್ಕೆ ಅದನ್ನು ಮೇಜಿಗೆ ಬಿಗಿದ ವೈಸಿನ ಇಕ್ಕಳದಲ್ಲಿ ಮಟ್ಟವಾಗಿ ಹಿಡಿಸಿ, ಎರಡು ಸಣ್ಣ ಟ್ಯೂಬುಗಳನ್ನು ಬಗ್ಗಿಸಿ ಅದರ ಆಯಿಲ್ ಡಬ್ಬಿಗೇ ಇಳಿಬಿಟ್ಟು, ಹಿಂಬದಿಯಿಂದ ಸ್ಕ್ರೂಡ್ರೈವರಿನಲ್ಲಿ ಪಿಸ್ಟನ್ನನ್ನು ಮೆಲ್ಲಗೆ ಒತ್ತುತ್ತ ಬಿಡುತ್ತ, ಕೊನೆಯ ಗುಳ್ಳೆ ಬರುವವರೆಗೂ ನಿಂತ. ಅವನ ಕೈಗಳಿಗೆ ಏನೂ ಆಗಿರಲಿಲ್ಲ. ಮಗುವಿಗೆ ಹಾಲು ಕುಡಿಸುವಷ್ಟು ಹುಷಾರಾಗಿ ಕೆಲಸ ಮಾಡುತ್ತಿದ್ದವು. ಕಿಟಕಿಯಿಂದ ನೋಡುತ್ತಿದ್ದ ಪೆಡಲಮ್ಮನಿಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದುದರಿಂದ ಯಾರಿಗೂ ಕಾರಣ ಹೇಳಬೇಕಾಗಲಿಲ್ಲ.

ಹಳೆಯದು ಇಳಿದು ಹೊಸದು ಕೂತಿತು. ಇನ್ನು ಏರ್ ತೆಗೆಯುವ ಕೆಲಸ. ಬ್ರೇಕ್ ಆಯಿಲ್ ಒಂದು ತೊಟ್ಟು ಬಿದ್ದರೂ ಹಳದಿ ಬಣ್ಣ ಕಿತ್ತುಬರುತ್ತದೆಂದು ಒದ್ದೆ ಬಟ್ಟೆ ಹಾಸಿದರು. ಕಾರು ತಗ್ಗು, ಗಾಯದ ಕಾಲಲ್ಲಿ ಮೇಸ್ತ್ರಿಗೆ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂರಲಾಗದು. "ನಿನ್ನ ಮಗಳಿಗೆ ಹೇಳು, ನಿಪ್ಪಲ್ ಅವಳು ನೋಡ್ಕೊಳ್ಳಲಿ. ನಾನು ಇಲ್ಲಿ ಆಯಿಲ್ ತುಂಬ್ತೀನಿ" ಎಂದ. ಮಗಳು ಕೇಳಿಸಿಕೊಂಡೂ, ಅಮ್ಮ ಬಂದು ಹೇಳುವವರೆಗೆ ಕಾದು, ಹಿಂದಿನ ಚಕ್ರದ ಬಳಿ ಹೋಗಿ ಕೂತಳು. ಪೆಡಲಮ್ಮ ಕಾರಿನೊಳಗೆ ಇಳಿದಳು. ಕೂತ ಮೇಲೆ ಅವಳಿಗೆ ಸ್ಟೀರಿಂಗಿನ ಆಚೆ ಎದ್ದುನಿಂತ ಬಾನೆಟ್ ಬಿಟ್ಟು ಏನೂ ಕಾಣದು. ಪೆಡಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಅವಳ ಸಣ್ಣ ಪಾದಕ್ಕೂ ಜಾಗ ಇಕ್ಕಟ್ಟು.

"ಅಮ್ಮ, ಒತ್ತು."

"ಒತ್ತಿದೆ."

"ಹಿಡ್ಕೋ... ಹಿಡ್ಕೋ... ಬಿಡು."

ಎಲ್ಲಕ್ಕಿಂತ ದೂರದ ಚಕ್ರ ಮುಗಿಯಿತು, ಅದರ ಪಕ್ಕದ್ದು ಮುಗಿಯಿತು. ಮುಂದಿನ ಚಕ್ರದಲ್ಲಿ ಆಯಿಲ್ ಜೋರಾಗಿ ಹೋಗತೊಡಗಿತು. ಬಾನೆಟ್ಟಿನ ಆಚೆಯಿಂದ ಮೇಸ್ತ್ರಿ, "ನಿನ್ನ ಮಗಳಿಗೆ ನಿಲ್ಸೋಕೆ ಹೇಳು, ಡಬ್ಬಿ ತಳ ಮುಟ್ತು. ಹೊಸ ಕ್ಯಾನ್ ಒಡೀಬೇಕು" ಎಂದ. ಪೆಡಲಮ್ಮ ಕುತ್ತಿಗೆ ಹೊರಳಿಸಿ, "ನಿಲ್ಲಿಸ್ಬೇಕಂತೆ ಕಣೇ" ಎಂದಳು. ಹೇಳುವ ಗಡಿಬಿಡಿಯಲ್ಲಿ ಅವಳ ಕಾಲು ಮೇಲೆ ಬಂತು. ಮಗಳು "ಏನು?" ಎಂದಳು, ನಿಪ್ಪಲ್ ಇನ್ನೂ ಬಿಗಿಯಾಗಿರಲಿಲ್ಲ. ಡಬ್ಬಿ ಬರಿದಾಗಿ, ಸಿಲಿಂಡರ್ ಗೊರಕೆ ಹೊಡೆದಂತೆ ಗಾಳಿಯನ್ನು ಒಳಗೆಳೆದುಕೊಂಡಿತು. ಬೆಳಗಿನಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಪೆಡಲಮ್ಮನಿಗೆ ರೇಗಿಹೋಯಿತು.

"ಎರಡು ಮಾರು ದೂರದಲ್ಲಿದೀರಿ. ಇಷ್ಟು ದಿನ ಊಟಕ್ಕೆ ಬನ್ನಿ, ನೀರು ಕಾದಿದೆ ಅಂತ ನಿಮ್ಮಿಬ್ಬರ ಮಾತು ಹೊತ್ತೆ. ಬ್ರೇಕನ್ನೂ ನಾನೇ ಹೊರ್ಬೇಕಾ? ಬಾಯಿ ಇಲ್ವಾ ನಿಮಗೆ? ಮಾತಾಡೋದಿದ್ರೆ ಮಾತಾಡ್ಕೊಳ್ಳಿ. ಇಲ್ಲದಿದ್ರೆ ನಾನು ಎದ್ದು ಹೋಗ್ತೀನಿ, ಒಲೆ ಮೇಲೆ ಅನ್ನ ಇದೆ."

ಎದ್ದು ಹೋಗಲು ಆ ಕಾರಿನಿಂದ ಏಳುವುದೇ ಅವಳಿಗೆ ಕಷ್ಟವಿತ್ತು. ಒದ್ದಾಡುತ್ತಿದ್ದ ಅಮ್ಮನನ್ನು ನೋಡಿ ಮಗಳಿಗೆ ನಗು ಬಂತು. ಮೇಸ್ತ್ರಿ ಕೆಮ್ಮಿದ. ಆಮೇಲೆ, ನೆಲ ನೋಡುತ್ತ, "ಮೊದಲಿಂದ ಶುರು ಮಾಡೋಣ. ಡಬ್ಬಿ ಅರ್ಧಕ್ಕೆ ಬಂದ್ರೆ ಹೇಳ್ತೀನಿ" ಎಂದ.

"ಹೇಳಪ್ಪ" ಎಂದಳು ಮಗಳು.

ಅದಾದ ಮೇಲೆ ಕೆಲಸ ನೀರು ಹರಿದಂತೆ ಸಾಗಿತು. "ಅರ್ಧ." "ನಿಲ್ಸಿದೀನಿ." "ಇನ್ನೊಂದ್ಸಲ ಬಿಡು, ಗುಳ್ಳೆ ಇದೆಯಾ?" "ಇಲ್ಲಪ್ಪ, ಕ್ಲೀನಾಗಿದೆ." ಪೆಡಲಮ್ಮ ಒತ್ತುತ್ತ ಹಿಡಿಯುತ್ತ ಅವರಿಬ್ಬರ ಮಾತನ್ನು ಹಸಿದವಳ ಹಾಗೆ ಕೇಳಿಸಿಕೊಂಡಳು. ಕೊನೆಗೆ ಮೇಸ್ತ್ರಿ ಕೇಳಿದ.

"ಏನಂತೆ?"

ಅವಳು ಕಾಲಿಗೆ ಇಡೀ ಮೈಯ ಭಾರ ಕೊಟ್ಟು ಒತ್ತಿ ಹಿಡಿದಳು. ಪೆಡಲ್ ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಕಲ್ಲು."

ಅವಳು ಹೇಳಿದ್ದು ಸುಳ್ಳಲ್ಲ. ಬ್ರೇಕಿನಲ್ಲಿ ಯಾವ ಊನವೂ ಇರಲಿಲ್ಲ.

ಸಂಜೆ ಡಾಕ್ಟರು ಬಂದರು. ಗೇಟಿನ ಹೊರಗೆ ಬೀದಿಯ ಮಕ್ಕಳ ಜಾತ್ರೆ. ಮೇಸ್ತ್ರಿ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಗಾಯದ ಕಾಲಿಗೆ ಬೂಟು ಏರಿಸಿ ಬಂದ. ಪೆಡಲಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ, ಪಕ್ಕದ ಸೀಟಿನಲ್ಲಿ ಬುಗುರಿ ಬೆಲ್ಟು ಬಿಗಿದುಕೊಂಡು ಕೂತಿದ್ದಳು.

"ಅಲ್ಲಿ ನಾನು ಕೂರ್ತೀನಿ" ಎಂದಳು ಪೆಡಲಮ್ಮ. "ಇಳಿ ಪುಟ್ಟ."

"ತಾತ ನನಗೆ ಮಾತು ಕೊಟ್ಟಿದಾರೆ."

"ಇರ್ಲಿ ಬಿಡೇ. ಕೊಟ್ಟ ಮಾತು" ಎಂದ ಮೇಸ್ತ್ರಿ. ಅವನು ಇಂಜಿನ್ ಚಾಲೂ ಮಾಡಿದ್ದ. ಮಗಳು ಗೇಟು ತೆಗೆಯುತ್ತಿದ್ದಳು. ಗೇಟಿನ ಆಚೆ ಇಳಿಜಾರು ಬೀದಿ, ಅದರ ಕೊನೆಗೆ ದೊಡ್ಡ ರಸ್ತೆ.

"ರೀ, ನಾನು ಬರ್ತೀನಿ ಅಂತ ಮಾತಾಗಿತ್ತು."

"ಜನ ನೋಡ್ತಿದಾರೆ. ಸರಿ ಆಚೆ."

ಪೆಡಲಮ್ಮ ಸರಿಯಲಿಲ್ಲ. ಅವನ ಕಡೆಯ ಬಾಗಿಲು ತೆಗೆದು ಬಗ್ಗಿದಳು. ಒಳಗೆ ಕಾಲಿಡುವ ಜಾಗ ಬಾವಿಯಷ್ಟು ಕತ್ತಲಾಗಿತ್ತು. ಗೇರು ನ್ಯೂಟ್ರಲ್‌ನಲ್ಲಿರುವುದನ್ನು ನೋಡಿಕೊಂಡಳು. ಅವನ ಬೂಟು ಎಲ್ಲಿದೆಯೆಂಬುದನ್ನೂ ನೋಡಿದಳು.

"ಕೆಳಗೆ ನೋಡ್ದೆ ಹೇಳಿ. ನಿಮ್ಮ ಬಲಗಾಲು ಎಲ್ಲಿದೆ?"

"ಏನು ಹುಚ್ಚಾಟ ಇದು?"

"ಎಲ್ಲಿದೆ ಹೇಳಿ."

"ಬ್ರೇಕ್ ಮೇಲೆ."

"ಹಾಗಾದ್ರೆ ಒತ್ತಿ."

ಅವನು ಅವಳನ್ನು ಸುಟ್ಟುಬಿಡುವಂತೆ ನೋಡುತ್ತ ಒತ್ತಿದ. ಇಂಜಿನ್ ಇಡೀ ಬೀದಿಗೆ ಕೇಳುವಂತೆ ಅಬ್ಬರಿಸಿತು. ತಾತ ಆಟವಾಡಿಸುತ್ತಿದ್ದಾನೆಂದು ಬುಗುರಿ ಚಪ್ಪಾಳೆ ತಟ್ಟಿದಳು. ಗೇಟಿನ ಹೊರಗಿನ ಮಕ್ಕಳೂ ತಟ್ಟಿದರು.

ಮೇಸ್ತ್ರಿ ಆಗ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಕೈಯಿಂದ ತನ್ನ ಮೊಣಕಾಲನ್ನು ಹಿಡಿದೆತ್ತಿ ಪಾದವನ್ನು ಆಕ್ಸಿಲರೇಟರಿನಿಂದ ತೆಗೆದ. ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಮಗಳು ಗೇಟಿನ ಬಳಿ ನಿಂತಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ವ್ಯಾನು, ಚಪ್ಪಲಿ, ಗಾಯ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತಿರುವುದು ಪೆಡಲಮ್ಮನಿಗೆ ಕಾಣುತ್ತಿತ್ತು. ಡಾಕ್ಟರು ನೋಡಬಾರದ್ದನ್ನು ನೋಡಿದವರಂತೆ ಬೇರೆ ಕಡೆ ತಿರುಗಿದರು.

"ಕಾಲಿಗೆ ಏಟಾಗಿದೆ ಸಾರ್" ಎಂದ ಮೇಸ್ತ್ರಿ. "ಮಗಳು ಓಡಿಸ್ತಾಳೆ."

ಇಳಿದು, ಯಾರ ಮುಖವನ್ನೂ ನೋಡದೆ, ಬಿಳಿ ಅಂಗಿಯಲ್ಲಿ ಅಂಗಳ ದಾಟಿ ಒಳಗೆ ಹೋದ. ಅಳುವ ಬುಗುರಿಯನ್ನು ಇಳಿಸಿ ಆ ಸೀಟಿನಲ್ಲಿ ಪೆಡಲಮ್ಮ ಕೂತಳು. ಮಗಳು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. "ಅಪ್ಪ ಎಂಥ ಕೆಲಸ ಮಾಡಿದಾರೆ ನೋಡಮ್ಮ" ಎಂದು ಮಗಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು.

ಆಸ್ಪತ್ರೆಯಲ್ಲಿ ಗಾಯ ಕೆರೆದು ತೆಗೆದರು, ಅಷ್ಟರಲ್ಲಿ ಕಪ್ಪಾಗಿದ್ದ ಒಂದು ಬೆರಳನ್ನೂ ತೆಗೆದರು. ಹೋದ ಸ್ಪರ್ಶ ಮತ್ತೆ ಬರುವುದು ಕಷ್ಟ, ಇರುವ ಕಾಲನ್ನು ಉಳಿಸಿಕೊಳ್ಳಿ ಎಂದರು. ಮನೆಗೆ ಬಂದ ಮೇಲೆ ಮೇಸ್ತ್ರಿ ಕಿಟಕಿಯ ಪಕ್ಕ ಮಂಚದ ಮೇಲೆ ಕೂತು ದಿನ ದೂಡಿದ. ಮಗಳ ಜೊತೆ ಮಾತು ಸಲೀಸಾಯಿತು. ಅವಳು ಸ್ಪ್ಯಾನರ್ ಹಿಡಿದುಕೊಂಡೇ ಕಿಟಕಿಗೆ ಬಂದು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಬುಗುರಿಗೆ ಕತೆ ಹೇಳುತ್ತಿದ್ದ. ಹೆಂಡತಿಯೊಂದಿಗೆ ಮಾತ್ರ ಒಂದು ಮಾತೂ ಇಲ್ಲ. ಬೀದಿಯ ಮಕ್ಕಳೆದುರು, ಗಿರಾಕಿಯೆದುರು ತನ್ನನ್ನು ಇಳಿಸಿದವಳು ಅವಳು. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ನೀರು ಕೊಟ್ಟರೆ ಕುಡಿಯುತ್ತಿದ್ದ, ಮುಖ ಗೋಡೆಗೆ.

ಹಾಗೆಂದು ಪೆಡಲಮ್ಮನಿಗೆ ಪಶ್ಚಾತ್ತಾಪವಿರಲಿಲ್ಲ. ಸಂಕಟವಿತ್ತು. ಮಗಳು "ಅಮ್ಮ, ಕಾಲು" ಎಂದು ಕೂಗಿದರೆ ಈಗಲೂ ಹೋಗಿ ಒತ್ತಿ ಬರುತ್ತಿದ್ದಳು. ಆದರೆ "ಕಲ್ಲು" ಎನ್ನುವಾಗ ದನಿ ತಗ್ಗಿಸುತ್ತಿದ್ದಳು, ಕಿಟಕಿಗೆ ಕೇಳದಿರಲಿ ಎಂದು.

ಪ್ರತಿ ಬೆಳಿಗ್ಗೆ ಬಿಸಿನೀರಿನ ಬೋಗುಣಿ, ಬಟ್ಟೆ, ಮುಲಾಮು ತೆಗೆದುಕೊಂಡು ಅವನ ಕಾಲ ಬಳಿ ಕೂರುತ್ತಿದ್ದಳು. ಕಟ್ಟು ಬಿಚ್ಚಿ, ಒರೆಸುತ್ತ, ಪ್ರತಿ ದಿನವೂ ಕೇಳುತ್ತಿದ್ದಳು: "ನೋಯ್ತಿದೆಯಾ?" ನೋಯುತ್ತದೆ ಎನ್ನಲಿ ಎಂದು ಕಾಯುತ್ತಿದ್ದಳು. ಅವನು ಉತ್ತರವನ್ನೇ ಕೊಡುತ್ತಿರಲಿಲ್ಲ. ಕೆಲವು ದಿನಗಳಾದ ಮೇಲೆ ಅವಳು ಕೇಳುವುದನ್ನೂ ಬಿಟ್ಟಳು. ತಲೆ ತಗ್ಗಿಸಿ ಒರೆಸುವುದು, ಕಟ್ಟುವುದು, ಬೋಗುಣಿ ಎತ್ತಿಕೊಂಡು ಏಳುವುದು.

ಅಂಥದೇ ಒಂದು ಬೆಳಿಗ್ಗೆ ಅವಳು ಕಟ್ಟು ಬಿಚ್ಚಿ, ಬಟ್ಟೆಯನ್ನು ನೀರಿಗೆ ಹಾಕಿದ್ದಳು. ಬೇಡವೆಂದರೂ ಕಣ್ಣೀರು ಬಂದು ಬೋಗುಣಿಯೊಳಗೆ ಬಿತ್ತು. ಅವನು ನೋಡಿದನೋ ಇಲ್ಲವೋ, ಅವಳು ಮುಖ ಎತ್ತಲಿಲ್ಲ. ಅವನ ಮುಖ ಗೋಡೆಗಿತ್ತು.

"ಸ್ವಲ್ಪ ಮೆಲ್ಲಗೆ ಒರೆಸೇ" ಎಂದ ಮೇಸ್ತ್ರಿ. "ನೋಯ್ತಿದೆ."

ಅವಳ ಎರಡೂ ಕೈಗಳು ಇನ್ನೂ ಬೋಗುಣಿಯ ನೀರಿನಲ್ಲೇ ಇದ್ದವು, ಬಟ್ಟೆ ಹಿಂಡುತ್ತ. ಅವನ ಕಾಲನ್ನು ಅವಳು ಮುಟ್ಟಿಯೇ ಇರಲಿಲ್ಲ.

"ಆಯ್ತು ರೀ" ಎಂದಳು ಪೆಡಲಮ್ಮ. "ಮೆಲ್ಲಗೆ ಒರೆಸ್ತೀನಿ."